ಜಾಸ್ತಿ ರಕ್ತಸ್ರಾವ, ಕೆಳಹೊಟ್ಟೆ ನೋವು: ಗರ್ಭಕೋಶ ತೆಗೆಸಲೇಬೇಕಾ?

ಪ್ರಶ್ನೆ: ನನಗೆ 43 ವರ್ಷ. ಊರು ಕುಂದಾಪುರದ ಕಡೆ, ಈಗ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಇಬ್ಬರು ಮಕ್ಕಳು, ಎರಡೂ ಸಿಸೇರಿಯನ್. ಎರಡು ವರ್ಷದಿಂದ ಮುಟ್ಟು ಎಂಟು-ಹತ್ತು ದಿನವಾದರೂ ನಿಲ್ಲುವುದಿಲ್ಲ. ಮೊದಲ ಮೂರು ದಿನ ದೊಡ್ಡ ದೊಡ್ಡ ಹೆಪ್ಪು ಹೋಗುತ್ತದೆ. ಮುಂಬೈ ಫೋರ್ಟಿನ ಆಫೀಸಿಗೆ ಲೋಕಲ್ ರೈಲು ಹತ್ತುವುದಕ್ಕೇ ಭಯ. ಮುಟ್ಟಿಗೆ ನಾಲ್ಕೈದು ದಿನ ಮೊದಲೇ ಕೆಳಹೊಟ್ಟೆ, ಸೊಂಟ ನೋವು ಶುರುವಾಗುತ್ತದೆ. ಈಗೀಗ ತಿಂಗಳ ಮಧ್ಯದಲ್ಲೂ ನೋವು, ಗಂಡನ ಜೊತೆ ಸೇರುವಾಗಲೂ ನೋವು. ಒಮ್ಮೆ ಡಿ ಅಂಡ್ ಸಿ (ಗರ್ಭಕೋಶದ ಒಳಪದರ ಕೆರೆದು ತೆಗೆಯುವುದು) ಮಾಡಿದರು, ಮೂರು ತಿಂಗಳು ಸರಿಯಿತ್ತು, ಆಮೇಲೆ ಅದೇ ಕಥೆ. ಸೋನೋಗ್ರಫಿಯಲ್ಲಿ ಗರ್ಭಕೋಶ ದಪ್ಪಗಾಗಿದೆ, ಅಡಿನೋಮಯೋಸಿಸ್ ಇದೆ, ಗೋಡೆಯಲ್ಲಿ 3 ಸೆಂಟಿಮೀಟರ್ ಫೈಬ್ರಾಯ್ಡ್ ಗಡ್ಡೆ ಇದೆ, ಒಳಪದರ 13 ಮಿಲಿಮೀಟರ್ ಅಂತ ಬಂದಿದೆ. ಹಿಮೋಗ್ಲೋಬಿನ್ 8.1. ಡಾಕ್ಟರು "ಪಿಶವಿ ಕಾಢೂನ್ ಟಾಕಾ (ಗರ್ಭಕೋಶ ತೆಗೆಸಿಬಿಡಿ), ಮೂರು ತೂತಿನ ಆಪರೇಷನ್, ಮೂರನೇ ದಿನ ಮನೆಗೆ" ಅಂದರು. ಅತ್ತೆಯೂ "ಮಕ್ಕಳಾಯ್ತಲ್ಲ, ಇನ್ನು ಅದು ಯಾಕೆ" ಅನ್ನುತ್ತಾರೆ. ತೆಗೆಸದೆ ಬೇರೆ ದಾರಿ ಇದೆಯಾ? ಬಿಟ್ಟರೆ ಕ್ಯಾನ್ಸರ್ ಆಗುತ್ತದಾ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮೊದಲು ಚಿಂತೆ ತಂದದ್ದು ಫೈಬ್ರಾಯ್ಡ್ ಅಲ್ಲ, ಆ 8.1. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 8ಕ್ಕಿಂತ ಕೆಳಗೆ ಇಳಿದರೆ ಅದು ತೀವ್ರ. ನೀವು ಆ ಗೆರೆಯ ಮೇಲೆ ನಿಂತುಕೊಂಡು ಬೆಳಿಗ್ಗೆ ಡಬ್ಬಿ ಕಟ್ಟಿ, ಲೋಕಲ್‌ನಲ್ಲಿ ನಿಂತು ಹೋಗಿ, ಸಂಜೆ ಬಂದು ಅಡುಗೆ ಮಾಡುತ್ತಿದ್ದೀರಿ. ಮೆಟ್ಟಿಲು ಹತ್ತುವಾಗ ಏದುಸಿರು, ಎದೆ ಡವಡವ, ತಲೆಗೂದಲು ಉದುರುವುದು, ಸುಮ್ನೆ ಸಿಟ್ಟು ಬರುವುದು, ಇವೆಲ್ಲ ಇದ್ದರೆ ಅದಕ್ಕೆ ವಯಸ್ಸು ಕಾರಣ ಅಂದುಕೊಳ್ಳಬೇಡಿ. ಮೈಯಲ್ಲಿ ಕಬ್ಬಿಣ ಖಾಲಿಯಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ ಕಂಡುಬಂತು. ಎಲ್ಲರಿಗೂ ಇದೆ ಅನ್ನುವ ಕಾರಣಕ್ಕೇ ಯಾರೂ ಅದನ್ನು ಕಾಯಿಲೆ ಅಂತ ಎಣಿಸುವುದಿಲ್ಲ.

ಹಾಗಾಗಿ ಯಾವ ದಾರಿ ಹಿಡಿದರೂ ರಕ್ತ ಏರಿಸುವುದು ಮೊದಲು. ಈ ಮಟ್ಟದಲ್ಲಿ, ಅದೂ ಪ್ರತಿ ತಿಂಗಳು ಸೋರಿ ಹೋಗುತ್ತಿರುವಾಗ, ಬರೀ ಮಾತ್ರೆಯಿಂದ ತುಂಬುವುದು ನಿಧಾನ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಅನ್ನುವ ಕಬ್ಬಿಣದ ಔಷಧಿಯನ್ನು ಡ್ರಿಪ್‌ನಲ್ಲಿ ಕೊಡುತ್ತಾರೆ. ಒಮ್ಮೆಗೆ 1000 ಮಿಲಿಗ್ರಾಂವರೆಗೆ, ಸುಮಾರು ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಆಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿ ನೋಡಿ ಮನೆಗೆ ಕಳಿಸುತ್ತಾರೆ. ಮೂರ್ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಚೆನ್ನಾಗಿ ಏರುತ್ತದೆ. ಮಾತ್ರೆಯನ್ನೇ ತಗೊಳ್ಳುವುದಾದರೆ ಚಹಾ, ಕಾಫಿ ಜೊತೆ ಬೇಡ. ಲಿಂಬೆ ಶರಬತ್ತಿನ ಜೊತೆ ತಗೊಳ್ಳಿ. ದಿನ ಬಿಟ್ಟು ದಿನ ತಗೊಂಡರೂ ಮೈಗೆ ಚೆನ್ನಾಗಿಯೇ ಹಿಡಿಯುತ್ತದೆ, ಹೊಟ್ಟೆ ಕೆಡುವುದೂ ಕಡಿಮೆ.

ಈ ನಡುವೆ ರಕ್ತ ಹೋಗುವುದನ್ನು ತಡೆಯಬೇಕಲ್ಲ. ಅದಕ್ಕೆ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ. ಜಾಸ್ತಿ ಹೋಗುವ ದಿನಗಳಲ್ಲಿ ಮಾತ್ರ, ನಾಲ್ಕೈದು ದಿನ ತಗೊಳ್ಳುವುದು. ಇದು ಹಾರ್ಮೋನ್ ಅಲ್ಲ. ರಕ್ತಸ್ರಾವವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಕಾಲಿನ ರಕ್ತನಾಳದಲ್ಲೋ ಶ್ವಾಸಕೋಶದಲ್ಲೋ ಹಿಂದೆ ರಕ್ತ ಹೆಪ್ಪುಗಟ್ಟಿದವರು ಇದನ್ನು ತಗೊಳ್ಳಬಾರದು. ಮೆಫೆನಮಿಕ್ ಆಸಿಡ್ ಜೊತೆಗಿದ್ದರೆ ನೋವೂ ತಗ್ಗುತ್ತದೆ. ಇವೆರಡೂ ತಾತ್ಕಾಲಿಕ ಅನ್ನುವುದು ನಿಜ. ಆದರೆ ಸರಿಯಾಗಿ ಯೋಚಿಸಲು ಎರಡು ತಿಂಗಳ ಸಮಯ ಕೊಡುತ್ತವೆ. ಆ ಸಮಯ ನಿಮಗೆ ಬೇಕು.

ಇಲ್ಲಿ ಒಂದು ಮಾತು. ಗೌರಿ-ಗಣಪತಿ ಬಂತು, ಊರಲ್ಲಿ ನೇಮ ಇದೆ, ಮದುವೆ ಇದೆ ಅಂತ ಮೆಡಿಕಲ್ ಸ್ಟೋರಿನಿಂದ ಮುಟ್ಟು ಮುಂದೂಡುವ ಮಾತ್ರೆ ತಂದು ನುಂಗುವ ಅಭ್ಯಾಸ ನಮ್ಮ ಹೆಂಗಸರಲ್ಲಿ ಬಹಳ. ಅದೂ ಹಾರ್ಮೋನೇ. ಬಿಟ್ಟ ಕೂಡಲೇ ತಡೆದದ್ದೆಲ್ಲ ಒಟ್ಟಿಗೆ ಬರುತ್ತದೆ. 8.1 ಇರುವವರು ಆ ಗೊಡವೆಗೆ ಹೋಗಲೇಬಾರದು.

ಈಗ ಮುಖ್ಯ ವಿಷಯ. ನಿಮಗೆ ಒಂದು ಆಪರೇಷನ್ ಹೇಳಿದ್ದಾರೆ. ಆದರೆ ಯಾವುದರಿಂದ ರಕ್ತ ಹೋಗುತ್ತಿದೆ ಅಂತ ಯಾರೂ ಹೇಳಿದ ಹಾಗೆ ಕಾಣುವುದಿಲ್ಲ. ಜಾಸ್ತಿ ರಕ್ತಸ್ರಾವಕ್ಕೆ ಕಾರಣಗಳು ಹಲವು. ಒಳಪದರದಲ್ಲಿ ಪಾಲಿಪ್ ಅನ್ನುವ ಮೆತ್ತಗಿನ ಸಣ್ಣ ಕುಡಿ ಬೆಳೆದಿರಬಹುದು. ಫೈಬ್ರಾಯ್ಡ್ ಇರಬಹುದು. ಥೈರಾಯ್ಡ್ ಏರುಪೇರಾಗಿರಬಹುದು. ಮುಟ್ಟು ನಿಲ್ಲುವ ವಯಸ್ಸು ಹತ್ತಿರ ಬಂದಾಗ ಅಂಡಾಣು ಸರಿಯಾಗಿ ಬಿಡುಗಡೆಯಾಗದೆ ಒಳಪದರ ದಪ್ಪವಾಗುತ್ತಾ ಹೋಗಬಹುದು. ಕಾಪರ್-ಟಿ, ರಕ್ತ ತೆಳುವಾಗಿಸುವ ಮಾತ್ರೆ ಕೂಡ ಕಾರಣವಾಗುತ್ತವೆ. ಒಳಪದರದ ಕ್ಯಾನ್ಸರೂ ಈ ಪಟ್ಟಿಯಲ್ಲೇ ಇದೆ. ಕಾರಣ ಬೇರೆ ಆದರೆ ಚಿಕಿತ್ಸೆಯೂ ಬೇರೆ.

ನಿಮ್ಮ ಸೋನೋಗ್ರಫಿಯನ್ನು ನಾನು ಹೀಗೆ ಓದುತ್ತೇನೆ. ಫೈಬ್ರಾಯ್ಡ್‌ನಲ್ಲಿ ಗಾತ್ರಕ್ಕಿಂತ ಜಾಗ ಮುಖ್ಯ. ಗರ್ಭಕೋಶದ ಒಳಗಿನ ಟೊಳ್ಳಿಗೆ ಚಾಚಿಕೊಂಡ 1 ಸೆಂಟಿಮೀಟರ್ ಗಡ್ಡೆ ಮೈಯ ರಕ್ತವನ್ನೆಲ್ಲ ಬಸಿಯಬಲ್ಲದು. ಹೊರಮೈಯಲ್ಲಿರುವ 5 ಸೆಂಟಿಮೀಟರ್ ಗಡ್ಡೆ ಏನೂ ಮಾಡದೆ ಸುಮ್ಮನಿರಬಹುದು. ನಿಮ್ಮದು ಗೋಡೆಯೊಳಗೆ ಇದೆ, 3 ಸೆಂಟಿಮೀಟರ್. ಅದು ಒಳಗಿನ ಟೊಳ್ಳನ್ನು ಒತ್ತುತ್ತಿಲ್ಲ ಅಂತಾದರೆ ಅದರ ಮೇಲೆ ತಪ್ಪು ಹೊರಿಸುವುದು ಕಷ್ಟ. ನನ್ನ ಅನುಮಾನ ಅಡಿನೋಮಯೋಸಿಸ್ ಮೇಲೆ. ಪ್ರತಿ ತಿಂಗಳು ಉದುರಬೇಕಾದ ಒಳಪದರದ ಅಂಶ ಗರ್ಭಕೋಶದ ಸ್ನಾಯುವಿನ ಗೋಡೆಯೊಳಗೇ ಸೇರಿಕೊಳ್ಳುವುದನ್ನು ಹಾಗೆ ಕರೆಯುತ್ತಾರೆ. ಮಳೆಗಾಲದಲ್ಲಿ ಹಳೇ ಚಾಳಿನ ಗೋಡೆಗೆ ನೀರು ಇಳಿದ ಹಾಗೆ ಅದು. ಎಲ್ಲಿ ಶುರು, ಎಲ್ಲಿ ಕೊನೆ ಅಂತ ಗೆರೆ ಇರುವುದಿಲ್ಲ. ಅದಕ್ಕೇ ಫೈಬ್ರಾಯ್ಡ್ ಗಡ್ಡೆಯನ್ನು ಬಿಡಿಸಿ ತೆಗೆದಂತೆ ಇದನ್ನು ತೆಗೆಯಲು ಬರುವುದಿಲ್ಲ. ಆ ಅಂಶ ಗೋಡೆಯೊಳಗೇ ಊದಿಕೊಂಡು ನೋವು ಕೊಡುತ್ತದೆ, ಗರ್ಭಕೋಶ ದಪ್ಪಗಾಗುತ್ತದೆ, ರಕ್ತ ಜಾಸ್ತಿ ಹೋಗುತ್ತದೆ. ಮೊದಲು ಸಿಸೇರಿಯನ್ ಆದವರಲ್ಲಿ ಇದು ಹೆಚ್ಚು ಕಾಣುತ್ತದೆ. ನಲವತ್ತರ ಆಸುಪಾಸಿನಲ್ಲಿ ಜೋರಾಗುತ್ತದೆ. ಮುಟ್ಟು ನಿಂತ ಮೇಲೆ ತಾನಾಗಿ ತಣ್ಣಗಾಗುತ್ತದೆ.

ಆದರೆ ಒಳಪದರ 13 ಮಿಲಿಮೀಟರ್ ಅಂದದ್ದನ್ನು ಬಿಡುವ ಹಾಗಿಲ್ಲ. ಮುಟ್ಟಿಗೆ ಮುಂಚಿನ ವಾರದಲ್ಲಿ ನೋಡಿದ್ದರೆ ಅದು ಮಾಮೂಲು ದಪ್ಪವೇ ಇರಬಹುದು. ಮುಟ್ಟು ಮುಗಿದ ಕೂಡಲೇ ನೋಡಿದ್ದರೆ ಒಳಗೆ ಪಾಲಿಪ್ ಇರುವ ಸಾಧ್ಯತೆ ಇದೆ. ಎರಡೂ ಅಲ್ಲದಿದ್ದರೂ, ನಲವತ್ತು ದಾಟಿದವರಲ್ಲಿ ಇಷ್ಟು ಕಾಲ ಹೀಗೆ ರಕ್ತ ಹೋದರೆ ಒಳಪದರದ ಚೂರು ತೆಗೆದು ಬಯಾಪ್ಸಿ ನೋಡಿಯೇ ಮುಂದಿನ ಮಾತು. ನಿಮಗೆ ಆಗಲೇ ಡಿ ಅಂಡ್ ಸಿ ಆಗಿದೆಯಲ್ಲ, ಆ ಚೂರು ಪೆಥಾಲಜಿಗೆ ಹೋಗಿತ್ತಾ? ಮನೆಯ ಫೈಲಿನಲ್ಲಿ ರಿಪೋರ್ಟ್ ಹುಡುಕಿ. ಎರಡು ವರ್ಷ ಹಳೆಯದಾದರೂ ಅದು ಮುಖ್ಯ. ಕ್ಷಯ ಕೂಡ ನಮ್ಮ ದೇಶದಲ್ಲಿ ಗರ್ಭಕೋಶದ ಒಳಪದರಕ್ಕೆ ತಗಲುತ್ತದೆ, ಅನುಮಾನ ಇದ್ದರೆ ಅದೇ ಚೂರಿನಲ್ಲಿ ಅದನ್ನೂ ನೋಡಬಹುದು.

ಡಿ ಅಂಡ್ ಸಿ ಬಗ್ಗೆ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಅದು ಈ ತೊಂದರೆಗೆ ಚಿಕಿತ್ಸೆ ಅಲ್ಲ. ಒಳಗೆ ಕಾಣದೆ, ಕೈಯಂದಾಜಿನ ಮೇಲೆ ಕೆರೆದು ತೆಗೆಯುತ್ತಾರೆ. ಪಾಲಿಪ್ ಇದ್ದರೆ ಎಷ್ಟೋ ಸಲ ತಪ್ಪಿಹೋಗುತ್ತದೆ. ಒಂದೆರಡು ತಿಂಗಳಲ್ಲಿ ಒಳಪದರ ಮತ್ತೆ ಬೆಳೆಯುತ್ತದೆ. ನಿಮಗೆ ಆದದ್ದು ಅದೇ. ಇನ್ನೊಮ್ಮೆ "ಸಫಾಯಿ ಮಾಡೋಣ" ಅಂದರೆ ಬೇಡ ಅನ್ನಿ, ಹಿಸ್ಟೆರೋಸ್ಕೋಪಿ ಕೇಳಿ.

ಹಿಸ್ಟೆರೋಸ್ಕೋಪಿಯಲ್ಲಿ ಎಲ್ಲೂ ಕೊಯ್ಯುವುದಿಲ್ಲ. ಯೋನಿಯ ಮೂಲಕ, ಗರ್ಭಕೋಶದ ಬಾಯಿಯಿಂದ ಮೂರರಿಂದ ಐದು ಮಿಲಿಮೀಟರ್ ದಪ್ಪದ ದುರ್ಬೀನು ಒಳಗೆ ಬಿಡುತ್ತಾರೆ. ಸಲೈನ್ ಹರಿಸಿ ಒಳಗನ್ನು ಅರಳಿಸುತ್ತಾರೆ. ಪರದೆಯ ಮೇಲೆ ಒಳಗಿನ ನಾಲ್ಕೂ ಬದಿ ಕಾಣುತ್ತದೆ. ನೋಡಿಯೇ ಬಯಾಪ್ಸಿ ತೆಗೆಯಬಹುದು. ಪಾಲಿಪ್ ಸಿಕ್ಕಿದರೆ ಆಗಲೇ ಬುಡ ಸಮೇತ ತೆಗೆಯಬಹುದು. ಟೊಳ್ಳಿಗೆ ಚಾಚಿದ ಸಣ್ಣ ಫೈಬ್ರಾಯ್ಡ್ ಇದ್ದರೆ ಅದನ್ನೂ ತುಂಡು ಮಾಡಿ ತೆಗೆಯಬಹುದು. ಬೆಳಿಗ್ಗೆ ಹೋದರೆ ಸಂಜೆ ಮನೆ. ಮೂರ್ನಾಲ್ಕು ದಿನದಲ್ಲಿ ಆಫೀಸು. ಗರ್ಭಕೋಶಕ್ಕೆ ತೂತು ಬೀಳುವುದು, ಸಲೈನ್ ಜಾಸ್ತಿ ಮೈಗೆ ಸೇರುವುದು, ಇಂಥ ತೊಂದರೆಗಳು ಇವೆ. ಆದರೆ ಅಪರೂಪ. ಎಷ್ಟು ನೀರು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಅಂತ ಲೆಕ್ಕ ಇಡುವ ಆಸ್ಪತ್ರೆಯಲ್ಲಿ ಮಾಡಿಸಿಕೊಂಡರೆ ಸಾಕು.

ನಿಮಗೆ ಎರಡು ಸಿಸೇರಿಯನ್ ಆಗಿರುವುದರಿಂದ ಇನ್ನೊಂದು ವಿಷಯವೂ ಇದರಲ್ಲಿ ತಿಳಿಯುತ್ತದೆ. ಕೆಲವರಿಗೆ ಹಳೆಯ ಹೊಲಿಗೆಯ ಜಾಗದಲ್ಲಿ ಒಳಗಡೆ ಸಣ್ಣ ಗುಳಿ ಬಿದ್ದಿರುತ್ತದೆ. ಮುಟ್ಟಿನ ರಕ್ತ ಅಲ್ಲಿ ನಿಂತು ಆಮೇಲೆ ದಿನಗಟ್ಟಲೆ ಕಂದು ಬಣ್ಣದಲ್ಲಿ ಒಸರುತ್ತದೆ. ನಿಮ್ಮ ಎಂಟು-ಹತ್ತು ದಿನದಲ್ಲಿ ಕೊನೆಯ ನಾಲ್ಕೈದು ದಿನ ಬರೀ ಕಂದು ಕಲೆ ಆಗಿದ್ದರೆ ಈ ಗುಳಿಯನ್ನು ಹುಡುಕಿ ಅಂತ ಡಾಕ್ಟರಿಗೆ ಹೇಳಿ.

ಬಯಾಪ್ಸಿ ಚೆನ್ನಾಗಿದ್ದರೆ, ನಿಮ್ಮಂಥವರಿಗೆ ನಾನು ಮೊದಲು ಹೇಳುವುದು ಹಾರ್ಮೋನ್ ಇರುವ ಐಯುಡಿ, ಅಂದರೆ ಗರ್ಭಕೋಶದೊಳಗೆ ಕೂರಿಸುವ ಸಣ್ಣ ಸಾಧನ. ಒಳಗೆ ಅನುಮಾನದ್ದೇನೂ ಕಾಣದಿದ್ದರೆ ಬಯಾಪ್ಸಿ ರಿಪೋರ್ಟಿಗೆ ಕಾಯದೆ ಹಿಸ್ಟೆರೋಸ್ಕೋಪಿ ಮಾಡುವಾಗಲೇ ಕೂರಿಸಬಹುದು, ಮತ್ತೊಂದು ಸಲ ಮೇಜು ಹತ್ತುವ ಕೆಲಸವಿಲ್ಲ. ನೋಡಲು ಕಾಪರ್-ಟಿ ಹಾಗೇ ಇರುತ್ತದೆ, ಕೆಲಸ ಉಲ್ಟಾ. ಕಾಪರ್-ಟಿ ರಕ್ತ ಜಾಸ್ತಿ ಮಾಡುತ್ತದೆ, ಇದು ಕಡಿಮೆ ಮಾಡುತ್ತದೆ. ಇದರಲ್ಲಿ 52 ಮಿಲಿಗ್ರಾಂ ಲಿವೋನಾರ್ಜೆಸ್ಟ್ರೆಲ್ ಇರುತ್ತದೆ. ಶುರುವಿನಲ್ಲಿ ದಿನಕ್ಕೆ ಸುಮಾರು 20 ಮೈಕ್ರೋಗ್ರಾಂ ಗರ್ಭಕೋಶದೊಳಗೇ ಬಿಡುಗಡೆಯಾಗುತ್ತದೆ. ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಆರು ತಿಂಗಳಿಂದ ವರ್ಷದೊಳಗೆ ರಕ್ತಸ್ರಾವ ಶೇಕಡ 90ರಷ್ಟು ಇಳಿಯುತ್ತದೆ. ಅಡಿನೋಮಯೋಸಿಸ್ ನೋವೂ ತಗ್ಗುತ್ತದೆ. ಒಮ್ಮೆ ಹಾಕಿದರೆ ಐದು ವರ್ಷ ಕೆಲಸ ಮಾಡುತ್ತದೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ 46-47ಕ್ಕೆ ಮುಟ್ಟು ನಿಲ್ಲುತ್ತದೆ. 43ರಲ್ಲಿ ಹಾಕಿಸಿಕೊಂಡ ಒಂದೇ ಸಾಧನ ನಿಮ್ಮನ್ನು ಆ ದಡಕ್ಕೆ ಮುಟ್ಟಿಸಬಹುದು.

ಇದರ ಕಷ್ಟವನ್ನೂ ಹೇಳಬೇಕು. ಮೊದಲ ಮೂರರಿಂದ ಆರು ತಿಂಗಳು ಹೇಳದೆ ಕೇಳದೆ ಕಲೆ ಬೀಳುತ್ತದೆ. ಸ್ವಲ್ಪ ಸ್ವಲ್ಪ, ಆದರೆ ದಿನವೂ. ಹಾಕಿಸಿಕೊಂಡವರು ಬೇಸತ್ತು ತೆಗೆಸುವುದು ಈ ಸಮಯದಲ್ಲೇ. ಮೊದಲೇ ಗೊತ್ತಿದ್ದರೆ ತಾಳ್ಮೆ ಇರುತ್ತದೆ, ಅಲ್ವಾ? ಗರ್ಭಕೋಶ ತುಂಬಾ ದೊಡ್ಡದಾಗಿದ್ದರೆ ಅದು ತಾನಾಗಿ ಜಾರಿ ಬೀಳುವ ಸಾಧ್ಯತೆ ಸ್ವಲ್ಪ ಹೆಚ್ಚು. ಅಂಥವರಿಗೆ ಮೊದಲು ಎರಡು-ಮೂರು ತಿಂಗಳು ಇಂಜೆಕ್ಷನ್ ಕೊಟ್ಟು ಗಾತ್ರ ಕುಗ್ಗಿಸಿ ಆಮೇಲೆ ಹಾಕುತ್ತಾರೆ. ಸ್ತನ ಕ್ಯಾನ್ಸರ್ ಆದವರಿಗೆ ಇದು ಸಲ್ಲದು.

ಕೆಲವರಿಗೆ ಮುಟ್ಟು ಪೂರ್ತಿ ನಿಂತೇ ಹೋಗುತ್ತದೆ. ಆಗ ಮನೆಯಲ್ಲಿ ಹಿರಿಯರು "ಕೆಟ್ಟ ರಕ್ತ ಒಳಗೇ ಉಳಿಯಿತು" ಅಂತ ಹೆದರಿಸುತ್ತಾರೆ. ನನ್ನ ಓಪಿಡಿಯಲ್ಲಿ ಇದೇ ಕಾರಣಕ್ಕೆ ತೆಗೆಸಲು ಬಂದವರನ್ನು ನೋಡಿದ್ದೇನೆ. ಕೆಟ್ಟ ರಕ್ತ ಅನ್ನುವುದೇ ಇಲ್ಲ. ಒಳಪದರ ಬೆಳೆಯದೆ ತೆಳ್ಳಗಿರುವುದರಿಂದ ಉದುರಲು ಏನೂ ಇರುವುದಿಲ್ಲ, ಅಷ್ಟೇ. ಇದನ್ನು ನಿಮ್ಮ ಅತ್ತೆಗೂ ಹೇಳಿ.

ಒಳಗೆ ಸಾಧನ ಬೇಡ ಅನ್ನುವವರಿಗೆ ಡಯನೋಜೆಸ್ಟ್ ಅನ್ನುವ ಹಾರ್ಮೋನ್ ಮಾತ್ರೆ ಇದೆ, ದಿನಕ್ಕೆ 2 ಮಿಲಿಗ್ರಾಂ. ನೋವಿಗೆ ಒಳ್ಳೆಯದು. ಲಖನೌದ ಔಷಧಿ ಸಂಶೋಧನಾ ಸಂಸ್ಥೆ ಸಿಡಿಆರ್‌ಐ ಕಂಡುಹಿಡಿದ ಓರ್ಮೆಲೋಕ್ಸಿಫೀನ್ ಕೂಡ ಜಾಸ್ತಿ ರಕ್ತಸ್ರಾವಕ್ಕೆ ಬಳಕೆಯಲ್ಲಿದೆ. 'ಸಹೇಲಿ' ಅಂತ ಗರ್ಭನಿರೋಧಕ ಮಾತ್ರೆಯಾಗಿ ಅದನ್ನು ಹಲವರು ಬಲ್ಲರು.

ಒಳಪದರವನ್ನು ಶಾಖದಿಂದ ಸುಡುವ ಅಬ್ಲೇಶನ್ ಬಗ್ಗೆ ನಿಮಗೆ ಯಾರಾದರೂ ಹೇಳಬಹುದು. ಬಿಸಿನೀರಿನ ಬಲೂನಿನಿಂದ ಅಥವಾ ರೇಡಿಯೋ ತರಂಗದಿಂದ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಬರೀ ರಕ್ತಸ್ರಾವ ಇದ್ದು ಗರ್ಭಕೋಶ ಮಾಮೂಲು ಗಾತ್ರದಲ್ಲಿದ್ದರೆ ಒಳ್ಳೆಯ ಚಿಕಿತ್ಸೆ. ನಿಮಗೆ ನಾನು ಹೇಳುವುದಿಲ್ಲ. ನಿಮ್ಮ ತೊಂದರೆ ಗೋಡೆಯೊಳಗೆ ಇದೆ. ಮೇಲಿನ ಪದರ ಸುಟ್ಟರೆ ಒಳಗಿನದು ಹಾಗೇ ಉಳಿದು ನೋವು ಹೆಚ್ಚಾಗಬಹುದು. ಹಳೆ ಹೊಲಿಗೆಯ ಜಾಗ ತೆಳ್ಳಗಿದ್ದರೆ ಇನ್ನೂ ಎಚ್ಚರ ಬೇಕು.

ಎಂಬೋಲೈಜೇಶನ್ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದರ ಹೆಸರೇ ಎಷ್ಟೋ ಹೆಂಗಸರ ಕಿವಿಗೆ ಬಿದ್ದಿರುವುದಿಲ್ಲ. ಇದನ್ನು ಮಾಡುವವರು ಸ್ತ್ರೀರೋಗ ತಜ್ಞರಲ್ಲ, ಇಂಟರ್‌ವೆನ್ಶನಲ್ ರೇಡಿಯಾಲಜಿಸ್ಟ್. ವಿಭಾಗವೇ ಬೇರೆ. ಹಾಗಾಗಿ ನಮ್ಮ ಕಡೆಯಿಂದ ಈ ಮಾತು ಬರುವುದೇ ಕಡಿಮೆ. ಅದು ಸರಿಯಲ್ಲ. ತೊಡೆಸಂದಿಯ ಅಥವಾ ಮಣಿಕಟ್ಟಿನ ರಕ್ತನಾಳದಿಂದ ಸಣ್ಣ ನಳಿಕೆ ಬಿಟ್ಟು, ಗರ್ಭಕೋಶಕ್ಕೆ ರಕ್ತ ಒಯ್ಯುವ ಎರಡೂ ನಾಳಗಳ ತನಕ ಹೋಗುತ್ತಾರೆ. ಮರಳಿಗಿಂತ ಸಣ್ಣ ಕಣಗಳನ್ನು ಬಿಟ್ಟು ಹರಿವನ್ನು ತಗ್ಗಿಸುತ್ತಾರೆ. ಹೃದಯಕ್ಕೆ ಆಂಜಿಯೋಗ್ರಫಿ ಮಾಡುವುದು ಗೊತ್ತಲ್ಲ, ಅದೇ ರೀತಿಯ ಕೋಣೆ, ಅದೇ ರೀತಿಯ ಯಂತ್ರ. ಫೈಬ್ರಾಯ್ಡ್‌ಗೆ ಇದನ್ನು 1995ರಲ್ಲಿ ಪ್ಯಾರಿಸ್ಸಿನ ಡಾ. ಜಾಕ್ ರಾವಿನಾ ಮತ್ತು ಜೊತೆಗಾರರು ಮೊದಲು ವರದಿ ಮಾಡಿದರು. ಈಗ ಅಡಿನೋಮಯೋಸಿಸ್‌ಗೂ ಮಾಡುತ್ತಾರೆ. ಹೆಚ್ಚಿನವರಿಗೆ ರಕ್ತಸ್ರಾವವೂ ನೋವೂ ಕಡಿಮೆಯಾಗುತ್ತದೆ. ಹೊಟ್ಟೆಗೆ ಕೊಯ್ಯುವುದಿಲ್ಲ, ಪೂರ್ತಿ ಅರಿವಳಿಕೆ ಬೇಕಿಲ್ಲ. ಆದರೆ ಮೊದಲ ರಾತ್ರಿ ನೋವು ಜೋರು. ಅದಕ್ಕೆ ಬಲವಾದ ಔಷಧಿ ಕೊಟ್ಟು ಒಂದು-ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುತ್ತಾರೆ. ಒಂದು ವಾರ ಜ್ವರ, ಸುಸ್ತು ಇರಬಹುದು. ಕೆಲವರಿಗೆ ವರ್ಷಗಳ ಮೇಲೆ ತೊಂದರೆ ಮರುಕಳಿಸಿ ಮತ್ತೊಂದು ಚಿಕಿತ್ಸೆ ಬೇಕಾಗುತ್ತದೆ. 45 ದಾಟಿದವರಿಗೆ ಮುಟ್ಟು ಬೇಗ ನಿಲ್ಲುವ ಸಾಧ್ಯತೆ ಇದೆ. ಮುಂದೆ ಮಗು ಬೇಕು ಅನ್ನುವವರಿಗೆ ನಾನಿದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ. ನಿಮಗೆ ಆ ಪ್ರಶ್ನೆ ಇಲ್ಲ. ಐಯುಡಿ ಒಗ್ಗದಿದ್ದರೆ ನನ್ನ ಎರಡನೇ ಆಯ್ಕೆ ಇದೇ. ಮುಂಬೈ, ಪುಣೆಯ ದೊಡ್ಡ ಆಸ್ಪತ್ರೆಗಳಲ್ಲಿ ಈ ತಜ್ಞರು ಸಿಗುತ್ತಾರೆ. ಮೊದಲು ಒಂದು ಎಂಆರ್‌ಐ ಮಾಡಿಸುತ್ತಾರೆ.

ಇನ್ನು ನೋವಿನ ಮಾತು. ಮುಟ್ಟಿನ ಸಮಯದ ನೋವನ್ನು ಅಡಿನೋಮಯೋಸಿಸ್ ಅಂತ ಹೇಳಬಹುದು. ತಿಂಗಳ ಮಧ್ಯದ ನೋವು, ಸೇರುವಾಗಿನ ನೋವು ಮಾತ್ರ ನನ್ನನ್ನು ಬೇರೆ ಕಡೆಗೂ ನೋಡಿಸುತ್ತದೆ. ಎಂಡೋಮೆಟ್ರಿಯೋಸಿಸ್ ಇದೆಯಾ ಅಂತ ನೋಡಬೇಕು. ಅದರಲ್ಲಿ ಒಳಪದರದಂಥ ಅಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಮೇಲೆ ಬೆಳೆಯುತ್ತದೆ. ಹೆರುವ ವಯಸ್ಸಿನ ಹತ್ತು ಹೆಂಗಸರಲ್ಲಿ ಒಬ್ಬರಿಗೆ ಇದು ಇರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮುಟ್ಟಿನ ದಿನಗಳಲ್ಲಿ ಮಲ ವಿಸರ್ಜನೆಗೆ ಹೋದಾಗ ಜೀವ ಹೋದ ಹಾಗೆ ನೋಯುತ್ತದಾ? ಇದನ್ನು ಡಾಕ್ಟರಿಗೆ ನೀವಾಗಿ ಹೇಳಬೇಕು, ಎಲ್ಲರೂ ಕೇಳುವುದಿಲ್ಲ. ಅವಸರದ ಓಪಿಡಿಯಲ್ಲಿ ಹಿಂದಿಯಲ್ಲೋ ಮರಾಠಿಯಲ್ಲೋ ಹೇಳುವಾಗ ಅರ್ಧ ಬಿಟ್ಟುಹೋಗುತ್ತದೆ. ಯಾವ ದಿನ, ಎಲ್ಲಿ, ಎಷ್ಟು ನೋವು ಅಂತ ಎರಡು ತಿಂಗಳು ಮೊಬೈಲಿನಲ್ಲಿ ಬರೆದಿಡಿ. ಕನ್ನಡದಲ್ಲೇ ಬರೆಯಿರಿ. ಎಷ್ಟು ಪ್ಯಾಡ್ ಅಂತಲೂ ಬರೆಯಿರಿ.

ಈ ವಿಷಯ ಮುಖ್ಯ ಯಾಕೆಂದರೆ, ಹೊರಗೆ ಎಂಡೋಮೆಟ್ರಿಯೋಸಿಸ್ ಇದ್ದು ಬರೀ ಗರ್ಭಕೋಶ ತೆಗೆದರೆ ರಕ್ತ ನಿಲ್ಲುತ್ತದೆ, ನೋವು ಉಳಿಯುತ್ತದೆ. ಹೊಟ್ಟೆಗೆ ಸಣ್ಣ ತೂತು ಮಾಡಿ ದುರ್ಬೀನು ಬಿಡುವ ಲ್ಯಾಪರೋಸ್ಕೋಪಿ ನಿಜವಾಗಿ ಉಪಕಾರಿಯಾಗುವುದು ಇಂಥ ಕಡೆ. ಅಂಟಿಕೊಂಡದ್ದನ್ನು ಬಿಡಿಸಿ, ಬೆಳೆದದ್ದನ್ನು ಕತ್ತರಿಸಿ ತೆಗೆಯಬಹುದು. ಆದರೆ ಅದಕ್ಕೆ ಪಳಗಿದ ಕೈ ಬೇಕು. ಮೊದಲು ಮಾತ್ರೆ ಕೊಟ್ಟು ನೋಡುವುದೂ ಸರಿಯೇ. ಬರೀ ಪತ್ತೆ ಮಾಡಲು ಹೊಟ್ಟೆಗೆ ದುರ್ಬೀನು ಹಾಕಲೇಬೇಕು ಅನ್ನುವ ಕಾಲ ಈಗಿಲ್ಲ.

ಸಿಸೇರಿಯನ್ ಗಾಯದ ಮೇಲೆ ಬೆರಳಿಟ್ಟು ಒತ್ತಿ ನೋಡಿ. ಒಂದೇ ಕಡೆ ಚುಚ್ಚಿದ ಹಾಗೆ ನೋಯುತ್ತದಾ, ಮುಟ್ಟಿನಲ್ಲಿ ಅಲ್ಲಿ ಗಂಟು ಊದುತ್ತದಾ? ಹಾಗಿದ್ದರೆ ನೋವಿನ ಮೂಲ ಹೊಟ್ಟೆಯ ಗೋಡೆಯಲ್ಲೇ ಇರಬಹುದು, ಗರ್ಭಕೋಶದಲ್ಲಿ ಅಲ್ಲ. ಮೂತ್ರಕೋಶ, ಕರುಳು, ಕೆಳಹೊಟ್ಟೆಯ ಸ್ನಾಯು ಬಿಗಿತ ಕೂಡ ಇಂಥದೇ ನೋವು ಕೊಡುತ್ತವೆ. ಸ್ನಾಯುವಿನದ್ದಾದರೆ ಫಿಸಿಯೋಥೆರಪಿಯಿಂದಲೇ ಎಷ್ಟೋ ಗುಣವಾಗುತ್ತದೆ.

ಕ್ಯಾನ್ಸರ್ ಭಯಕ್ಕೆ ಉತ್ತರ ಚಿಕ್ಕದು. ಅಡಿನೋಮಯೋಸಿಸ್ ಇದೆ, ಫೈಬ್ರಾಯ್ಡ್ ಇದೆ ಅನ್ನುವ ಕಾರಣಕ್ಕೆ "ಮುಂದೆ ಕ್ಯಾನ್ಸರ್ ಆಗುತ್ತದೆ" ಅಂತ ಗರ್ಭಕೋಶ ತೆಗೆಯುವುದಿಲ್ಲ. ಫೈಬ್ರಾಯ್ಡ್ ಅಂತ ಕಂಡದ್ದು ಸಾರ್ಕೋಮಾ ಅನ್ನುವ ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಒಳಪದರದ ಕ್ಯಾನ್ಸರ್ ಬೇರೆ ವಿಷಯ, ಅದನ್ನು ಬಯಾಪ್ಸಿ ಹೇಳುತ್ತದೆ. ತೂಕ ಜಾಸ್ತಿ, ಸಕ್ಕರೆ ಕಾಯಿಲೆ, ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇದ್ದವರಿಗೆ ಅದರ ಸಾಧ್ಯತೆ ಹೆಚ್ಚು. ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆ ಮಾಡಿಸಿಕೊಳ್ಳಿ. ಯಾರಾದರೂ ಕ್ಯಾನ್ಸರ್ ಅನುಮಾನಕ್ಕೆ ನೋಡುವ ಸಿಎ-125 ರಕ್ತ ಪರೀಕ್ಷೆ ಮಾಡಿಸಿ ಅಂಕಿ ಜಾಸ್ತಿ ಬಂತು ಅಂದರೆ ಗಾಬರಿಯಾಗಬೇಡಿ. ಅಡಿನೋಮಯೋಸಿಸ್‌ನಲ್ಲಿ, ಎಂಡೋಮೆಟ್ರಿಯೋಸಿಸ್‌ನಲ್ಲಿ ಅದು ಏರುತ್ತದೆ. ಮುಟ್ಟಿನ ದಿನ ರಕ್ತ ಕೊಟ್ಟರೂ ಏರಬಹುದು.

ಇಷ್ಟೆಲ್ಲ ಹೇಳಿದ್ದು ಗರ್ಭಕೋಶ ತೆಗೆಸುವುದು ತಪ್ಪು ಅಂತ ಅಲ್ಲ. ಐಯುಡಿ ಒಗ್ಗಲಿಲ್ಲ, ಎಂಬೋಲೈಜೇಶನ್ ಬೇಡ, ನೋವು ತಡೆಯುವುದಿಲ್ಲ ಅಂತಾದರೆ ಅದು ಖಂಡಿತವಾದ ಪರಿಹಾರ. ಅಡಿನೋಮಯೋಸಿಸ್‌ನ ಎಷ್ಟೋ ಹೆಂಗಸರು ಆಮೇಲೆ ನೆಮ್ಮದಿಯಾಗಿದ್ದಾರೆ. ನನ್ನ ತಕರಾರು "ಮೂರು ತೂತು, ಮೂರು ದಿನ" ಅನ್ನುವ ಮಾತಿನ ಮೇಲೆ. ತೂತು ಸಣ್ಣದು ಚರ್ಮದ ಮೇಲೆ ಮಾತ್ರ. ಒಳಗೆ ಕತ್ತರಿಸುವುದು, ಹೊಲಿಯುವುದು ಹೊಟ್ಟೆ ಕೊಯ್ದು ಮಾಡುವ ಆಪರೇಷನ್‌ನಷ್ಟೇ ಇರುತ್ತದೆ. ಮೂತ್ರಕೋಶಕ್ಕೆ, ಮೂತ್ರನಾಳಕ್ಕೆ ಏಟು ಬೀಳುವ ಭಯ ಅಲ್ಲೂ ಇದೆ. ಎರಡು ಸಿಸೇರಿಯನ್ ಆದವರಲ್ಲಿ ಮೂತ್ರಕೋಶ ಗಾಯಕ್ಕೆ ಅಂಟಿಕೊಂಡಿರುವುದರಿಂದ ಇನ್ನೂ ಜಾಸ್ತಿ. ಮೂರನೇ ದಿನ ಮನೆಗೆ ಬರಬಹುದು, ಆದರೆ ನೀರಿನ ಬಕೆಟ್ ಎತ್ತಲು ಆರು ವಾರ ಬೇಕು. ಮನೆಯವರಿಗೆ ಇದನ್ನು ಮೊದಲೇ ಹೇಳಿಡಿ.

ತೆಗೆಸುವುದೇ ಅಂತಾದರೆ ಯೋನಿಯ ಮೂಲಕ ಆಗುತ್ತದಾ ಅಂತ ಮೊದಲು ಕೇಳಿ. ಹೊಟ್ಟೆಯ ಮೇಲೆ ಒಂದು ತೂತೂ ಇಲ್ಲದ ಆಪರೇಷನ್ ಅದು, ಖರ್ಚೂ ಕಡಿಮೆ. ನಮ್ಮ ಮುಂಬೈಯ ಡಾ. ಶಿರೀಷ್ ಶೇಠ್ ಈ ವಿದ್ಯೆಯಲ್ಲಿ ಜಗತ್ತಿಗೇ ಹೆಸರಾದವರು. ಸಿಸೇರಿಯನ್ ಆದವರಿಗೂ ಅನುಭವ ಇರುವವರು ಮಾಡುತ್ತಾರೆ. ಆಗದಿದ್ದರೆ ಲ್ಯಾಪರೋಸ್ಕೋಪಿ. ರೋಬೋಟ್ ಅಂದರೆ ಬಿಲ್ ಜಾಸ್ತಿ, ನಿಮ್ಮಂಥ ತೊಂದರೆಗೆ ಫಲಿತಾಂಶ ಹೆಚ್ಚೇನೂ ಅಲ್ಲ. ದೊಡ್ಡ ಗರ್ಭಕೋಶವನ್ನು ಒಳಗೇ ಯಂತ್ರದಿಂದ ಚೂರು ಮಾಡಿ ತೆಗೆಯುವುದರ ಬಗ್ಗೆ 2014ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು. ಅಡಗಿದ್ದ ಕ್ಯಾನ್ಸರ್ ಇದ್ದರೆ ಹರಡುತ್ತದೆ ಅಂತ. ಚೀಲದೊಳಗೆ ಇಟ್ಟು ಚೂರು ಮಾಡುತ್ತೀರಾ ಅಂತ ಕೇಳಿ.

ಅಂಡಾಶಯಗಳನ್ನು ಮಾತ್ರ ಸುಮ್ಮನೆ ಬಿಟ್ಟುಕೊಡಬೇಡಿ. "ಒಟ್ಟಿಗೆ ತೆಗೆದುಬಿಡೋಣ" ಅಂತ ಸಲೀಸಾಗಿ ಹೇಳುತ್ತಾರೆ. 43ರಲ್ಲಿ ಎರಡನ್ನೂ ತೆಗೆದರೆ ರಾತ್ರೋರಾತ್ರಿ ಮುಟ್ಟು ನಿಂತ ಸ್ಥಿತಿ ಬರುತ್ತದೆ. ಮೈ ಬಿಸಿಯೇರುವುದು, ನಿದ್ದೆ ಇಲ್ಲದಿರುವುದು, ಮುಂದೆ ಮೂಳೆ ಸವೆತ, ಹೃದಯದ ತೊಂದರೆ. ಅಂಡಾಶಯ ಚೆನ್ನಾಗಿದ್ದು ಮನೆತನದಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಉಳಿಸಿಕೊಳ್ಳಿ. ಗರ್ಭನಾಳ ಮಾತ್ರ ತೆಗೆಸಬಹುದು, ಅದರಿಂದ ಅಂಡಾಶಯದ ಕ್ಯಾನ್ಸರ್ ಭಯ ಕಡಿಮೆಯಾಗುತ್ತದೆ.

ಬೇಡದ ಗರ್ಭಕೋಶ ಆಪರೇಷನ್ ಅನ್ನುವುದು ನಮ್ಮ ಸುತ್ತಲೇ ನಡೆದಿದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಸುದ್ದಿ 2019ರಲ್ಲಿ ದೇಶವನ್ನೇ ಬೆಚ್ಚಿಬೀಳಿಸಿತು. ಕೆಲಸಕ್ಕೆ ರಜೆ ಬೀಳಬಾರದು ಅಂತ ಎಳೆ ವಯಸ್ಸಿನವರೂ ತೆಗೆಸಿಕೊಂಡಿದ್ದರು. ನಮ್ಮ ಕಲಬುರಗಿಯ ತಾಂಡಾಗಳಿಂದಲೂ ಇಂಥದೇ ದೂರು ಬಂದಿತ್ತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಇದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಅಂತ ರಾಜ್ಯಗಳಿಗೆ ಹೇಳಿತು. ಹಾಗಾಗಿ ಎರಡನೇ ಡಾಕ್ಟರ ಅಭಿಪ್ರಾಯ ಕೇಳುವುದಕ್ಕೆ ಸಂಕೋಚ ಬೇಡ. ಮೊದಲನೆಯವರಿಗೆ ಅವಮಾನ ಆಗುತ್ತದೆ ಅಂದುಕೊಳ್ಳಬೇಡಿ. ರಿಪೋರ್ಟ್ ಎಲ್ಲ ನಿಮ್ಮ ಸ್ವತ್ತು, ಕೇಳಿ ಪಡೆಯಿರಿ.

ಖರ್ಚಿನ ಚಿಂತೆ ಇದ್ದರೆ ಮುಂಬೈಯಲ್ಲಿ ಪರೇಲಿನ ವಾಡಿಯಾ ಹೆರಿಗೆ ಆಸ್ಪತ್ರೆ, ಕೆಇಎಂ, ಸಾಯನ್, ನಾಯರ್, ಕಾಮಾ ಇವೆ. ಪುಣೆಯವರಿಗೆ ಸಸೂನ್, ಗೋವಾದವರಿಗೆ ಬಾಂಬೋಳಿಯ ಮೆಡಿಕಲ್ ಕಾಲೇಜು. ಸಾಲು ಉದ್ದ ಇರುತ್ತದೆ, ಆದರೆ ಮಾಡುವವರು ಅನುಭವಸ್ಥರು. ಮಹಾರಾಷ್ಟ್ರ ಸರ್ಕಾರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ನಿಮಗೆ ಏನು ಸಿಗುತ್ತದೆ ಅಂತ ಆಸ್ಪತ್ರೆಯಲ್ಲಿ ಕೂರುವ ಆರೋಗ್ಯಮಿತ್ರರನ್ನು ಕೇಳಿ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಕಂಪನಿಯ ಮೆಡಿಕ್ಲೇಮ್ ಇದ್ದರೆ ಹಿಸ್ಟೆರೋಸ್ಕೋಪಿಗೆ ಡೇ-ಕೇರ್ ಅಂತ ಸಿಗುತ್ತದಾ ವಿಚಾರಿಸಿ. ದೊಡ್ಡ ಆಪರೇಷನ್‌ಗೆ ವಿಮೆ ಸಿಗುತ್ತದೆ, ಓಪಿಡಿಯಲ್ಲಿ ಹಾಕುವ ಐಯುಡಿಗೆ ಸಿಗುವುದಿಲ್ಲ ಅನ್ನುವುದು ಸಾಮಾನ್ಯ. ಎಷ್ಟೋ ಮನೆಗಳಲ್ಲಿ ತೀರ್ಮಾನ ಆಗುವುದು ಇದೇ ಲೆಕ್ಕದ ಮೇಲೆ. ನನಗೆ ಇದು ಬಹಳ ಬೇಸರದ ವಿಷಯ.

ಸದ್ಯಕ್ಕೆ ಹೀಗೆ ಮಾಡಿ. ಈ ವಾರವೇ ಕಬ್ಬಿಣದ ಡ್ರಿಪ್ ಬಗ್ಗೆ ಮಾತಾಡಿ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 10 ದಾಟಿದ ಮೇಲೆ ಹಿಸ್ಟೆರೋಸ್ಕೋಪಿ, ಬಯಾಪ್ಸಿ, ಒಳಗೆ ಅನುಮಾನದ್ದೇನೂ ಕಾಣದಿದ್ದರೆ ಜೊತೆಗೇ ಐಯುಡಿ. ಆರು ತಿಂಗಳು ಕಾದು ನೋಡಿ. ಆ ಮಧ್ಯೆ ಗಂಟೆಗೆ ಒಂದು ಪ್ಯಾಡ್ ಪೂರ್ತಿ ತೊಯ್ದು ಎರಡು ಗಂಟೆಗಿಂತ ಹೆಚ್ಚು ಹಾಗೇ ಮುಂದುವರಿದರೆ, ತಲೆ ಸುತ್ತಿ ಬಿದ್ದರೆ, ಎದೆ ಹಿಡಿದುಕೊಂಡರೆ, ಬೆಳಗಾಗಲಿ ಅಂತ ಕಾಯಬೇಡಿ. ಹತ್ತಿರದ ಆಸ್ಪತ್ರೆಯ ಕ್ಯಾಶುಯಲ್ಟಿಗೆ ಹೋಗಿ. ಮುಟ್ಟು ತಪ್ಪಿ ಆಮೇಲೆ ರಕ್ತ ಶುರುವಾಗಿದ್ದರೆ ಮೊದಲು ಗರ್ಭ ಪರೀಕ್ಷೆ ಮಾಡಿಸಿ, 43ರಲ್ಲೂ ಅದು ಆಗುತ್ತದೆ.